ಕಾಣದ ನೂಕುನುಗ್ಗಲು ಕಾಣಿಸುವ ತಂತ್ರಾಂಶ

ಆಂಡ್ರಾಯ್ಡ್ ಫೋನಿನ ‘ವೈಫೈ ಅನಲೈಸರ್’ ನನಗೆ ಬಹಳ ಅಚ್ಚುಮೆಚ್ಚು. ಓಪನ್ ಸೋರ್ಸ್ ತಂತ್ರಾಂಶ; ಜಾಹೀರಾತಿಲ್ಲ, ಇಂಟರ್ನೆಟ್ ಅನುಮತಿಯನ್ನೂ ಕೇಳುವುದಿಲ್ಲ. ತೆರೆದರೆ ಸುತ್ತಲಿನ ಒಂದೊಂದು ವೈಫೈ ಜಾಲವೂ ಒಂದೊಂದು ಬಣ್ಣದ ಕಮಾನಾಗಿ ಪರದೆಯ ಮೇಲೆ ಏಳುತ್ತದೆ. ಕಮಾನು ಎತ್ತರವಿದ್ದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ. ಮೈನಸ್ 40 ಡಿಬಿಎಂ ಇದ್ದರೆ ಸೊಗಸು, ಮೈನಸ್ 80ಕ್ಕೆ ಇಳಿದರೆ ವಿಡಿಯೊ ಕರೆ ತಡವರಿಸುತ್ತದೆ.

ಇದರ ಹೆಚ್ಚುಗಾರಿಕೆ ತಿಳಿಯುವುದು ಅಪಾರ್ಟ್‌ಮೆಂಟುಗಳಲ್ಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಕ್ಕಪಕ್ಕದ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್. ಒಂದು ಜಾಲ ಹರಡಿಕೊಳ್ಳುವುದು ಸುಮಾರು 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ರೂಢಿಯಲ್ಲಿರುವುದು 1, 6, 11 ಈ ಮೂರೇ. ಯಾರೋ 3ರಲ್ಲೋ 4ರಲ್ಲೋ ಕೂತರೆ ಎರಡೂ ಕಡೆಯವರಿಗೆ ತೊಂದರೆ. ಈ ನುಗ್ಗಾಟವನ್ನು ಇಷ್ಟು ಸರಳವಾಗಿ ಕಣ್ಣಿಗೆ ಕಟ್ಟುವ ನಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಸ ರೌಟರ್ ಕೊಳ್ಳಲು ಹೊರಟವರಿಗೆ ಚಾನೆಲ್ ಬದಲಿಸಿದರೆ ಸಾಕೆಂದು ಎಷ್ಟೋ ಸಲ ಹೊಳೆಯುವುದು ಇಲ್ಲೇ. ಮೈಕ್ರೋವೇವ್ ಓವನ್ನಿನ ಗದ್ದಲ ಮಾತ್ರ ಇದಕ್ಕೆ ಕಾಣದು. ಈ ತಂತ್ರಾಂಶ ಪಟ್ಟಿ ಮಾಡುವುದು ವೈಫೈ ಜಾಲಗಳನ್ನಷ್ಟೇ.

ಆಂಡ್ರಾಯ್ಡ್ 9ರಿಂದೀಚೆಗೆ ಇಂಥ ತಂತ್ರಾಂಶಗಳಿಗೆ ಸಾಮಾನ್ಯವಾಗಿ 2 ನಿಮಿಷಕ್ಕೆ 4 ಸಲ ಮಾತ್ರ ಜಾಲಗಳನ್ನು ಹುಡುಕಲು ಅವಕಾಶ. ಆದ್ದರಿಂದ ಪ್ರತಿ ಕೋಣೆಯಲ್ಲೂ ಅರ್ಧ ನಿಮಿಷವಾದರೂ ನಿಂತು ನೋಡಿ, ಆಮೇಲೆ ರೌಟರ್ ಎಲ್ಲಿಡಬೇಕೆಂದು ತೀರ್ಮಾನಿಸಿ.