ಪಾಥೇಯದ ಭಾರ

ದೇಶಸಂಚಾರಕ್ಕೆ ಹೊರಡುವವನು ಬುತ್ತಿಯನ್ನು ಕಟ್ಟಿಕೊಳ್ಳಬೇಕೆಂಬುದು ಹಿರಿಯರ ಮಾತು. ಆ ಬುತ್ತಿ ಎಷ್ಟು ದೊಡ್ಡದಾಗಿರಬೇಕೆಂಬುದನ್ನು ಮಾತ್ರ ಯಾರೂ ನಿಷ್ಕರ್ಷೆಮಾಡಿ ಹೇಳಿದಂತೆ ತೋರುವುದಿಲ್ಲ. ಅಮೆರಿಕೆಯ ಜನರು ರೂಢಿಗೆ ತಂದಿರುವ ಒಂದು ವಾಹನವನ್ನು ಕುರಿತು ಓದುವಾಗ ಈ ಪ್ರಶ್ನೆ ನಮ್ಮ ಮನಸ್ಸಿಗೆ ಬಂದಿತು. ಅದನ್ನು ಅವರು ಆರ್.ವಿ. ಎಂದು ಕರೆಯುತ್ತಾರೆ, ನಾವು ಮನೆಗಾಡಿ ಎನ್ನಬಹುದು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು, ದೀಪ ಎಲ್ಲವೂ ಅದರೊಳಗೇ ಉಂಟು. ಇಲ್ಲಿ ಬುತ್ತಿಯನ್ನು ಪಥಿಕನು ಹೊರುವುದಿಲ್ಲ. ಬುತ್ತಿಯೇ ಪಥಿಕನನ್ನು ಹೊತ್ತು ನಡೆಯುತ್ತದೆ.

ಇದು ನಮಗೆ ತೀರ ದೂರದ ವಿಷಯವೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕೆಯಲ್ಲಿ ಉದ್ಯೋಗದಲ್ಲಿದ್ದಾರೆ. ಅವರನ್ನು ನೋಡಿಬರಲು ಹೋದ ತಂದೆತಾಯಿಗಳು ಹಿಂದಿರುಗಿ ಬಂದು ಪ್ರವಾಸಕಥನಗಳನ್ನು ಬರೆಯುತ್ತಾರೆ. ಅಂತಹ ಬರೆವಣಿಗೆಗಳಲ್ಲಿ ರಸ್ತೆಯ ನುಣುಪು, ಊಟದ ಅನುಕೂಲ, ನೋಡಿದ ಸ್ಥಳಗಳ ಪಟ್ಟಿ ಇವು ಧಾರಾಳವಾಗಿ ದೊರೆಯುತ್ತವೆ. ಆ ನೆಲದ ಮನುಷ್ಯರು ದೊರೆಯುವುದು ಅಪೂರ್ವ. ಇದು ಬರೆದವರ ಶಕ್ತಿಯ ಕೊರತೆಯೋ, ಪ್ರಯಾಣದ ಬಗೆಯ ದೋಷವೋ? ಅಮೆರಿಕೆ ಮೆಕ್ಸಿಕೋಗಳ ನಡುವಣ ಮರುಭೂಮಿಯನ್ನು ಕುರಿತ ಮೂರು ಗ್ರಂಥಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಉತ್ತರವು ಸ್ವಲ್ಪಮಟ್ಟಿಗೆ ಸಿಕ್ಕೀತೆಂದು ನಮ್ಮ ನಂಬಿಕೆ.

ಮೊದಲು ಆ ನೆಲದ ಮಾತು. ಎರಡು ರಾಜ್ಯಗಳ ನಡುವಣ ಎಲ್ಲೆ ಸುಮಾರು 3,145 ಕಿಲೋಮೀಟರು ಉದ್ದವಾಗಿದೆ. 1848ರ ಒಪ್ಪಂದದಿಂದಲೂ, 1853ರ ಒಪ್ಪಂದದಂತೆ ಅಮೆರಿಕೆ ಹಣಕೊಟ್ಟು ಕೊಂಡ ಭೂಮಿಯಿಂದಲೂ ಅದು ಈಗಿನ ರೂಪಕ್ಕೆ ಬಂದಿತು. ಅರಿಝೋನಾ ಮತ್ತು ಸೊನೋರಾ ಪ್ರಾಂತಗಳ ನಡುವೆ ಅದು ಹಾಯುವುದು ಕಳ್ಳಿಗಿಡಗಳ ಮರುಭೂಮಿಯ ಮೇಲೆ. ಅಲ್ಲಿ ಮೊದಲಿನಿಂದ ಇದ್ದ ತೊಹೋನೋ ಓಧಮ್ ಎಂಬ ಜನರ ನಾಡು ಆ ಗೆರೆಯಿಂದ ಎರಡು ಹೋಳಾಯಿತು. ಚಳಿಗಾಲದಲ್ಲಿ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ ಅಮೆರಿಕನ್ ವೃದ್ಧರು ಇದೇ ಮರುಭೂಮಿಯಲ್ಲಿ ಮನೆಗಾಡಿಗಳನ್ನು ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಕೆಲವರು ಲ್ಯೂಕ್‌ವಿಲ್ ಎಂಬ ಕಟ್ಟೆಯಲ್ಲಿ ಎಲ್ಲೆಯನ್ನು ದಾಟಿ, ಮೆಕ್ಸಿಕೋದ ಸೊನೋಯ್ಟಾ ಊರನ್ನು ಹಾಯ್ದು, ಸುಮಾರು ನೂರು ಕಿಲೋಮೀಟರು ದಕ್ಷಿಣದ ಪ್ಯೂರ್ತೋ ಪೆನ್ಯಾಸ್ಕೋ ಕಡಲ ತೀರಕ್ಕೆ ಹೋಗುತ್ತಾರೆ. ದಾರಿ ಸುಗಮ, ಬಂದವರಿಗೆ ಮರ್ಯಾದೆಯೂ ಉಂಟು.

ಮನೆಗಾಡಿಯ ಪ್ರವಾಸಕ್ಕೆ ಸಾಹಿತ್ಯದಲ್ಲಿ ಸ್ಥಾನ ಕಲ್ಪಿಸಿದ ಗ್ರಂಥ ಜಾನ್ ಸ್ಟೈನ್‌ಬೆಕ್ಕನ ‘ಟ್ರಾವೆಲ್ಸ್ ವಿತ್ ಚಾರ್ಲಿ’. ಅದು ಪ್ರಕಟವಾದದ್ದು 1962ರಲ್ಲಿ. ಅದೇ ವರ್ಷ ಗ್ರಂಥಕರ್ತನಿಗೆ ನೊಬೆಲ್ ಬಹುಮಾನವೂ ಬಂದಿತು. 1960ರ ಸೆಪ್ಟೆಂಬರಿನಲ್ಲಿ, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ಎದ್ದ ಮೈಯನ್ನು ಹೊತ್ತುಕೊಂಡು, ಚಾರ್ಲಿ ಎಂಬ ಮುದಿ ನಾಯಿಯನ್ನು ಜೊತೆಮಾಡಿಕೊಂಡು ಅವನು ದೇಶವನ್ನು ಸುತ್ತಲು ಹೊರಟನು. ಲಾರಿಯ ಬೆನ್ನಮೇಲೆ ಕೂರಿಸಿದ ಆ ಪುಟ್ಟ ಮನೆಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನಿಟ್ಟು ರೋಸಿನಾಂಟೆ ಎಂದು ಕರೆದನು. ತನ್ನನ್ನು ತಾನೇ ನಗುವ ಈ ಗುಣ ಪುಸ್ತಕದ ಉದ್ದಕ್ಕೂ ಹರಿಯುತ್ತದೆ. ಓದುಗನಿಗೆ ಅವನು ಪ್ರಿಯನಾಗುವುದು ಅದರಿಂದಲೇ.

ಹೊರಡುವ ಮುನ್ನ ಗಾಡಿಗೆ ತುಂಬಿದ ವಸ್ತುಗಳನ್ನು ಅವನು ಎಣಿಸುತ್ತಾನೆ. ಹತಾರಗಳು, ಬಂದೂಕುಗಳು, ಮೀನಿನ ಗಾಳಗಳು, ಹಲವು ಬಗೆಯ ಮದ್ಯ, ನಿಘಂಟುಗಳು. ಇವಲ್ಲದೆ ಎಂದಾದರೂ ಓದಬೇಕೆಂದು ಓದದೆ ಬಿಟ್ಟ ಪುಸ್ತಕಗಳೇ 150 ಪೌಂಡು. ಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿ ಹೇರಿದೆನೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಈ ಪಟ್ಟಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಗ್ರಂಥದ ಉತ್ತಮ ಪುಟಗಳು ಯಾವುವು? ನಮ್ಮ ಎಣಿಕೆಯಲ್ಲಿ ಅವು ಮನೆಗಾಡಿ ಅವನ ಕೈಬಿಟ್ಟ ಪುಟಗಳು. ನಯಾಗರಾದ ಬಳಿ ಅವನು ಕೆನಡಾ ದೇಶದ ದಾರಿಯಾಗಿ ಹೋಗಬೇಕೆಂದು ಎಲ್ಲೆಯ ಕಟ್ಟೆಗೆ ಬರುತ್ತಾನೆ. ನಾಯಿಗೆ ಹುಚ್ಚುರೋಗದ ಸೂಜಿಮದ್ದು ಹಾಕಿಸಿದ ಪತ್ರವಿಲ್ಲ; ಅದಿಲ್ಲದೆ ಹೋದರೆ ಹಿಂದಿರುಗುವಾಗ ಸ್ವದೇಶದವರೇ ಒಳಕ್ಕೆ ಬಿಡರೆಂದು ಅಲ್ಲಿಯ ಅಧಿಕಾರಿ ತಿಳಿಸುತ್ತಾನೆ. ಸರಿಯೆಂದು ತಿರುಗಿದರೆ, ನಿಜವಾಗಿ ಹೊರಗೆ ಹೋಗಿಯೇ ಇರದವನನ್ನು ಸ್ವದೇಶದ ಕಟ್ಟೆಯವರು ಹೊರಗಿನಿಂದ ಬಂದವನಂತೆ ನಿಲ್ಲಿಸಿ ಪ್ರಶ್ನಿಸುತ್ತಾರೆ. ಲೋಕವಿಖ್ಯಾತನಾದ ಲೇಖಕ ಒಂದು ಗಳಿಗೆ ಏನೂ ಅಲ್ಲದವನಾಗುತ್ತಾನೆ. ಹಾಗೆಯೇ ಆರೆಗಾನ್ ಪ್ರಾಂತದಲ್ಲಿ ಒಂದು ಭಾನುವಾರ ಮಳೆಯಲ್ಲಿ ಚಕ್ರದ ಟೈರು ಒಡೆಯುತ್ತದೆ. ನೋಟಕ್ಕೆ ಭಯಂಕರನಾದ ಒಬ್ಬ ಪೆಟ್ರೋಲು ಅಂಗಡಿಯವನು, ಗುರುತು ಪರಿಚಯವಿಲ್ಲದ ಈ ಮುದುಕನಿಗಾಗಿ ಊರೂರಿಗೆ ಟೆಲಿಫೋನು ಮಾಡಿ, ಟೈರುಗಳನ್ನು ತರಿಸಿಕೊಡುತ್ತಾನೆ. ಆ ಮನುಷ್ಯನನ್ನು ಸ್ಟೈನ್‌ಬೆಕ್ಕನು ಹರಸುವ ಮಾತು ಹೃದಯದಿಂದ ಬಂದದ್ದು. ಬೇಡುವ ಪ್ರಸಂಗ ಬಂದಾಗ ಮಾತ್ರ ಅವನಿಗೆ ಮನುಷ್ಯರು ಪೂರ್ತಿಯಾಗಿ ಕಾಣುತ್ತಾರೆ.

ಮನೆಗಾಡಿಯಿಂದ ಒಂದು ಲಾಭವೂ ಉಂಟೆಂಬುದನ್ನು ಮರೆಯಬಾರದು. ಮೇನ್ ಪ್ರಾಂತದಲ್ಲಿ ಆಲೂಗೆಡ್ಡೆಯ ಕೊಯ್ಲಿಗೆ ಕೆನಡಾದಿಂದ ಎಲ್ಲೆ ದಾಟಿ ಬಂದ ಫ್ರೆಂಚ್ ಮಾತಿನ ಕೂಲಿಯ ಸಂಸಾರವೊಂದನ್ನು ಸ್ಟೈನ್‌ಬೆಕ್ಕನು ತನ್ನ ಗಾಡಿಗೆ ಕರೆದು ಬ್ರಾಂದಿ ಕೊಟ್ಟು ಸತ್ಕರಿಸುತ್ತಾನೆ. ಮನೆಯಿದ್ದದ್ದರಿಂದ ಅವನು ಆತಿಥೇಯನಾಗಬಲ್ಲವನಾದನು. ಆ ಸಂದರ್ಭದಲ್ಲಿ, ದೇಶದ ಬೇರೆ ಕಡೆಗಳಲ್ಲಿ ತಾನು ಕಂಡ ಕೂಲಿಗಾರರಲ್ಲಿ ಮೆಕ್ಸಿಕೋದವರನ್ನೂ ಒಂದು ಮಾತಿನಲ್ಲಿ ನೆನೆಯುತ್ತಾನೆ. ಈ ಭಾಗ ಪುಸ್ತಕದ ಭೂಷಣ.

ಆದರೆ ಇದೇ ಭಾಗ ಮುಂದಿನ ಕೊರತೆಯನ್ನು ಎತ್ತಿ ತೋರಿಸುತ್ತದೆ. ಉತ್ತರದ ಎಲ್ಲೆಯಲ್ಲಿ ಕೂಲಿಗಾರರನ್ನು ಕೂರಿಸಿ ಉಪಚರಿಸಿದವನು ದಕ್ಷಿಣದ ಎಲ್ಲೆಯ ಮರುಭೂಮಿಗೆ ಬಂದಾಗ ಏನು ಮಾಡಿದನು? 1942ರಿಂದ 1964ರವರೆಗೆ ನಡೆದ ಒಂದು ಸರಕಾರಿ ಏರ್ಪಾಟಿನ ಮೇರೆಗೆ ಮೆಕ್ಸಿಕೋದ ಬಡವರು ಲಕ್ಷಗಟ್ಟಲೆಯಾಗಿ ಅಮೆರಿಕೆಯ ಹೊಲಗಳಲ್ಲಿ ಕರಾರಿನ ಕೂಲಿಗೆ ಬರುತ್ತಿದ್ದರು. ಅವನು ಹಾಯ್ದುಹೋದ 1960 ಆ ಕಾಲದ ನಡುವೆಯೇ ಬರುತ್ತದೆ. ಒಕ್ಕಲು ತಪ್ಪಿದವರ ಗೋಳನ್ನು ‘ದಿ ಗ್ರೇಪ್ಸ್ ಆಫ್ ರಾತ್’ ಎಂಬ ಕಾದಂಬರಿಯಲ್ಲಿ 1939ರಷ್ಟು ಹಿಂದೆಯೇ ಹಾಡಿದವನು ಅವನು. ಮೆಕ್ಸಿಕೋ ಕೂಡ ಅವನಿಗೆ ಹೊಸದಲ್ಲ. 1940ರಲ್ಲಿ ದೋಣಿಯಲ್ಲಿ ಅದರ ಕೊಲ್ಲಿಯನ್ನೆಲ್ಲ ಸಂಚರಿಸಿ ಗ್ರಂಥವನ್ನು ಬರೆದಿದ್ದನು. ಅಂತಹವನು ಅರಿಝೋನಾ ಮತ್ತು ನ್ಯೂ ಮೆಕ್ಸಿಕೋಗಳನ್ನು ಅವಸರದಿಂದ ದಾಟಿಬಿಡುತ್ತಾನೆ.

ಮೊಹಾವೆ ಮರುಭೂಮಿಯಲ್ಲಿ ಒಂದು ಪ್ರಸಂಗವಿದೆ. ಎರಡು ಕಾಡುನಾಯಿಗಳು ದೂರದಲ್ಲಿ ನಿಂತಿವೆ. ಅವನು ಬಂದೂಕನ್ನು ಗುರಿಯಿಟ್ಟು, ಕಡೆಗೆ ಹೊಡೆಯಲೊಲ್ಲದೆ ಇಳಿಸುತ್ತಾನೆ. ನಾಯಿಯ ಆಹಾರದ ಡಬ್ಬಿಗಳೆರಡನ್ನು ತೆರೆದು ಅವುಗಳಿಗೆಂದು ಬಿಟ್ಟು ಹೋಗುತ್ತಾನೆ. ಕರುಣೆಯ ಚಿತ್ರ ಸುಂದರವಾಗಿಯೇ ಇದೆ. ಆದರೆ ಮಹಾ ಮರುಭೂಮಿಯಲ್ಲಿ ಅವನ ಉಗ್ರಾಣದಿಂದ ಹೊರಗೆ ಬಂದದ್ದು ಎರಡು ಡಬ್ಬಿ. ಅದನ್ನು ಪಡೆದವು ಮೃಗಗಳು. ಪ್ರಯಾಣ ಮುಗಿಯುವ ಮೊದಲೇ ತನ್ನೊಳಗೆ ಅದು ಮುಗಿದುಹೋಗಿತ್ತೆಂದು ಅವನು ಮುಂದೆ ಹೇಳುತ್ತಾನೆ. ಅವನ ಸಂಭಾಷಣೆಗಳಲ್ಲಿ ಕೆಲವು ಕಲ್ಪಿತವೆಂದು ಈಚಿನವರು ಆಕ್ಷೇಪಿಸಿರುವುದುಂಟು. ಅದು ನಮಗೆ ದೊಡ್ಡ ದೋಷವಾಗಿ ತೋರುವುದಿಲ್ಲ. ಕಲ್ಪಿಸಬಲ್ಲವನು ದಕ್ಷಿಣದ ಕೂಲಿಗಾರನನ್ನು ಕಲ್ಪಿಸಿಕೊಳ್ಳದೆ ಹೋದನಲ್ಲಾ ಎಂಬುದೇ ನಮ್ಮ ದುಃಖ.

ಎರಡನೆಯ ಗ್ರಂಥವು ಎಲ್ಲೆಯನ್ನು ದಾಟಿ ಮೆಕ್ಸಿಕೋದ ಒಳಕ್ಕೇ ಹೋಗುತ್ತದೆ. ನಾಟಕವಿಮರ್ಶಕನಾಗಿ ಹೆಸರುಪಡೆದು, ಬಳಿಕ ಅರಿಝೋನಾದ ಟೂಸಾನಿನಲ್ಲಿ ನೆಲಸಿ ಮರುಭೂಮಿಯ ಉಪಾಸಕನಾದ ಜೋಸೆಫ್ ವುಡ್ ಕ್ರಚ್ 1961ರಲ್ಲಿ ಪ್ರಕಟಿಸಿದ ‘ದಿ ಫರ್ಗಾಟನ್ ಪೆನಿನ್ಸುಲಾ’ ಅದು. ವಿಷಯ ಬಾಹಾ ಕ್ಯಾಲಿಫೋರ್ನಿಯಾ ಎಂಬ ಮೆಕ್ಸಿಕೋದ ಉದ್ದನೆಯ ಪರ್ಯಾಯದ್ವೀಪ. ಅಲ್ಲಿ ಬೆಳೆಯುವ, ಬುಡ ಮೇಲಾಗಿ ನೆಟ್ಟ ಗಜ್ಜರಿಯಂತೆ ಕಾಣುವ ಸಿರಿಯೋ ಮರವನ್ನು ಅವನು ವರ್ಣಿಸುವ ರೀತಿಯಲ್ಲಿ ಶಾಸ್ತ್ರವೂ ವಿನೋದವೂ ಹದವಾಗಿ ಬೆರೆತಿವೆ. ಅವನ ಪ್ರಸಿದ್ಧವಾದ ವಾದವೊಂದುಂಟು: ಕೆಟ್ಟ ರಸ್ತೆಗಳೇ ಈ ನಾಡನ್ನು ಕಾಪಾಡಿದವು, ನಿಜವಾಗಿ ನೋಡಬೇಕೆನ್ನುವವನನ್ನು ಮಾತ್ರ ಅವು ಒಳಕ್ಕೆ ಬಿಡುತ್ತವೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಕೆಟ್ಟ ದಾರಿಯಲ್ಲಿ ಹೋಗುವವನು ದನದ ಹಟ್ಟಿಯವನನ್ನು ನೀರು ಕೇಳಬೇಕು, ದಾರಿ ಕೇಳಬೇಕು. ನಾವು ಮೇಲೆ ಹೇಳಿದ ಬೇಡುವ ಪ್ರಸಂಗ ಅಲ್ಲಿ ನಿತ್ಯವೂ ಒದಗುತ್ತದೆ. 1973ರಲ್ಲಿ ಸುಮಾರು 1,700 ಕಿಲೋಮೀಟರಿನ ಹೆದ್ದಾರಿ ಪೂರ್ತಿಯಾದ ಮೇಲೆ ಮನೆಗಾಡಿಗಳು ದಕ್ಷಿಣದ ತುದಿಯವರೆಗೆ ಸಲೀಸಾಗಿ ಹೋಗತೊಡಗಿದವು. ಕ್ರಚ್ಚನ ಭಯ ಹುಸಿಯಾಗಲಿಲ್ಲ. ಆದರೆ ಉಳಿದರ್ಧ? ರಸ್ತೆಯ ಕೇಡನ್ನು ಮೆಚ್ಚುವವನು ನೋಡಿ ಮನೆಗೆ ಹಿಂದಿರುಗುವವನು. ಹೆರಿಗೆಯ ನೋವಿನಲ್ಲಿರುವ ಮಗಳನ್ನು ಅದೇ ಕಲ್ಲುದಾರಿಯಲ್ಲಿ ವೈದ್ಯರ ಬಳಿಗೆ ಸಾಗಿಸಬೇಕಾದ ಹಟ್ಟಿಯವನನ್ನು ಕೇಳಿದರೆ ಬೇರೆಯ ಅಭಿಪ್ರಾಯ ಬಂದೀತು. ಕ್ರಚ್ಚನ ಭಾರ ಸ್ಟೈನ್‌ಬೆಕ್ಕನದಕ್ಕಿಂತ ಹಗುರ. ಆದರೂ ಹಿಂದಿರುಗಿ ಹೋಗಲು ಒಂದು ಮನೆಯುಂಟೆಂಬ ನಿಶ್ಚಿಂತೆ ಅವನ ಬೆನ್ನ ಮೇಲೆಯೇ ಇದೆ. ಆದುದರಿಂದ ಅವನ ಮರಗಳು ಅವನ ಮನುಷ್ಯರಿಗಿಂತ ಹೆಚ್ಚು ಜೀವಂತವಾಗಿವೆ.

ಮೂರನೆಯ ಗ್ರಂಥವನ್ನು ಪ್ರವಾಸಕಥನವೆಂದು ಯಾರೂ ಕರೆಯುವುದಿಲ್ಲ. ಕರೆಯಬೇಕೆಂಬುದು ನಮ್ಮ ಮತ. ಮೆಕ್ಸಿಕನ್ ತಂದೆಗೂ ಅಮೆರಿಕನ್ ತಾಯಿಗೂ ಎಲ್ಲೆಯ ಊರಾದ ತಿಹುವಾನಾದಲ್ಲಿ ಹುಟ್ಟಿದ ಲೂಯಿಸ್ ಆಲ್ಬರ್ಟೋ ಉರ್ರೆಯಾ ಅವರು 2004ರಲ್ಲಿ ಪ್ರಕಟಿಸಿದ ‘ದಿ ಡೆವಿಲ್ಸ್ ಹೈವೇ’ ಅದು. 2001ರ ಮೇ ತಿಂಗಳಿನಲ್ಲಿ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೊರಟ ಮೆಕ್ಸಿಕನ್ನರ ತಂಡವೊಂದು ಸೊನೋಯ್ಟಾದ ಪಶ್ಚಿಮಕ್ಕೆ ಎಲ್ಲೆಯನ್ನು ದಾಟಿ ಅರಿಝೋನಾದ ಮರುಭೂಮಿಯನ್ನು ಹೊಕ್ಕಿತು. ದಾರಿ ತಪ್ಪಿತು; ಕೊಂಡೊಯ್ದ ನೀರು ಮುಗಿಯಿತು. ದಾರಿ ತೋರಿಸುವವನು ಅವರಲ್ಲಿದ್ದ ಹಣವನ್ನು ತೆಗೆದುಕೊಂಡು, ನೀರು ತರುವೆನೆಂದು ಹೇಳಿ ಹೋದವನು ಹಿಂದಿರುಗಲಿಲ್ಲ. ಇಪ್ಪತ್ತಾರು ಮಂದಿಯಲ್ಲಿ ಹದಿನಾಲ್ವರು ಸತ್ತರು.

ಇಲ್ಲಿಯೂ ಒಂದು ಪಟ್ಟಿ ಇದೆ. ಸತ್ತವರ ಮೈಮೇಲೆ ದೊರೆತ ವಸ್ತುಗಳನ್ನು ಉರ್ರೆಯಾ ಅವರು ಶವಾಗಾರದ ದಾಖಲೆಯಂತೆ, ಒಂದು ವಿಶೇಷಣವನ್ನೂ ಸೇರಿಸದೆ ಎಣಿಸುತ್ತಾರೆ. ಎಲ್ಲವೂ ಜೇಬಿನಲ್ಲಿ ಹಿಡಿಯುವಂತಹ ಚಿಕ್ಕಪುಟ್ಟ ಸಾಮಾನು. ಸ್ಟೈನ್‌ಬೆಕ್ಕನ ಪಟ್ಟಿಯನ್ನು ಓದಿ ನಕ್ಕಿದ್ದ ವಾಚಕನು ಇದನ್ನು ಓದಿದಾಗ, ಆ ನಗುವಿಗೆ ತಗುಲಿದ ವೆಚ್ಚ ಎಷ್ಟೆಂಬುದನ್ನು ಅರಿಯುತ್ತಾನೆ. ಮನೆಗಾಡಿಗಳು ಸುಖವಾಗಿ ದಕ್ಷಿಣಕ್ಕೆ ಇಳಿಯುವ ಆ ಸೊನೋಯ್ಟಾದ ಸೀಮೆಯಿಂದಲೇ ಈ ಕಾಲಾಳುಗಳು ಉತ್ತರಕ್ಕೆ ನಡೆದರೆಂಬುದು ಅವನಿಗೆ ಹೊಳೆಯದೆ ಇರದು.

ಈ ಗ್ರಂಥವೂ ನಿರ್ದೋಷವಲ್ಲ. ಶೈಲಿ ಕೆಲವೆಡೆ ಚಲಚ್ಚಿತ್ರದ ವೇಗಕ್ಕೆ ಬೀಳುತ್ತದೆ. ಕರುಣೆಯ ಸ್ಥಾನದಲ್ಲಿ ಚಟಾಕಿ ಸಿಡಿಯುತ್ತದೆ. ಬಿಸಿಲಿನ ಸಾವಿನ ಹಂತಗಳನ್ನು ಓದುಗನನ್ನೇ ‘ನೀನು’ ಎಂದು ಸಂಬೋಧಿಸಿ ವಿವರಿಸುವ ಭಾಗ ಬೀಭತ್ಸದ ಅಂಚಿಗೆ ಹೋಗುತ್ತದೆ. ಆದರೆ ಎಲ್ಲೆಯ ಕಾವಲುಗಾರರನ್ನು ರಾಕ್ಷಸರನ್ನಾಗಿ ಮಾಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ಹೆಜ್ಜೆಯ ಗುರುತನ್ನು ಹಿಡಿದು ಹೋಗಿ ಉಳಿದವರನ್ನು ಬದುಕಿಸಿದವರೂ ಆ ಕಾವಲುಗಾರರೇ ಎಂಬುದನ್ನು ಸಾವಕಾಶವಾಗಿ ಹೇಳುತ್ತಾರೆ. ಈ ನ್ಯಾಯದೃಷ್ಟಿಯಿಂದ ಗ್ರಂಥಕ್ಕೆ ಗಾಂಭೀರ್ಯ ಬಂದಿದೆ.

ಹಾಗಾದರೆ ಮನೆಗಾಡಿಯಲ್ಲಿ ಪ್ರಯಾಣ ಮಾಡಬಾರದೆ? ಹಾಗೆ ಹೇಳುವ ಅಧಿಕಾರ ನಮಗಿಲ್ಲ. ವೃದ್ಧರಿಗೂ ರೋಗಿಗಳಿಗೂ ಅದು ದೊಡ್ಡ ಉಪಕಾರ. ನಾವು ಕೇಳುವುದು ಬರೆವಣಿಗೆಯನ್ನು ಕುರಿತು ಮಾತ್ರ. ಹೊತ್ತ ಭಾರವನ್ನು ಲೇಖಕನು ಮರೆಮಾಡಬಾರದು. ಆ ಭಾರದಿಂದ ತನಗೆ ಕಾಣದೆ ಹೋದದ್ದೇನೆಂದು ಅವನು ಒಮ್ಮೆಯಾದರೂ ತನ್ನನ್ನು ಕೇಳಿಕೊಳ್ಳಬೇಕು. ಸ್ಟೈನ್‌ಬೆಕ್ಕನು ಟೈರು ಒಡೆದ ದಿನ ಅದನ್ನು ಕೇಳಿಕೊಂಡನು. ಉಳಿದ ದಿನಗಳಲ್ಲಿ ಮರೆತನು.

2000ದಲ್ಲಿ ಟೂಸಾನಿನ ಕೆಲವರು ಸೇರಿ ‘ಹ್ಯೂಮೇನ್ ಬಾರ್ಡರ್ಸ್’ ಎಂಬ ಸಂಘವನ್ನು ಕಟ್ಟಿ, ಆ ಮರುಭೂಮಿಯಲ್ಲಿ ನೀರಿನ ಪೀಪಾಯಿಗಳನ್ನು ಇಡಿಸತೊಡಗಿದರು. ದೂರದಿಂದ ಕಾಣಲೆಂದು ಅವುಗಳ ಮೇಲೆ ನೀಲಿಯ ಬಾವುಟವನ್ನು ಎತ್ತರದ ಕಂಬಕ್ಕೆ ಕಟ್ಟುತ್ತಾರೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡಿಸುವುದು ಪುಣ್ಯವೆಂದು ನಂಬಿದ ನಮ್ಮ ಊರುಗಳವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕೆಗೆ ಹೋಗಿಬಂದು ಪತ್ರಿಕೆಗೆ ಬರೆಯುವ ನಮ್ಮ ಹಿರಿಯರಲ್ಲಿ ಒಂದು ಪ್ರಾರ್ಥನೆ. ತಾವು ಆ ಮರುಭೂಮಿಯ ರಸ್ತೆಯಲ್ಲಿ ತಣ್ಣನೆಯ ಗಾಡಿಯಲ್ಲಿ ಹಾಯುವಾಗ ಅಂತಹ ನೀಲಿಯ ಬಾವುಟವೊಂದು ಕಣ್ಣಿಗೆ ಬಿದ್ದರೆ, ಗಾಡಿಯನ್ನು ನಿಲ್ಲಿಸಿಸಿ ನೋಡಿರಿ. ಮಿಕ್ಕ ಸ್ಥಳಗಳ ಪಟ್ಟಿ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ, ಅದನ್ನು ಕುರಿತು ನಮಗೆ ಬರೆಯಿರಿ.