ರಜೆ ದಿನದ ಬಾಗಿಲುಗಳು

ಪುಸ್ತಕ ಬಂದರೆ ವಿಮರ್ಶೆ ಬರೀತೇವೆ. ಸಿನಿಮಾ ಬಂದರೆ ಶುಕ್ರವಾರ ಸಂಜೆಯೊಳಗೇ ಬರೀತೇವೆ. ನಾಟಕ, ಸಂಗೀತ ಕಛೇರಿ, ಹೊಸ ಹೋಟೆಲಿನ ನೀರುದೋಸೆ, ಯಾವುದನ್ನೂ ಬಿಟ್ಟಿಲ್ಲ. ಆದರೆ ಫೋಟೋ ವಾಕಿಗೆ ಮಾತ್ರ ಯಾರೂ ವಿಮರ್ಶೆ ಬರೆದದ್ದನ್ನು ನಾನು ನೋಡಿಲ್ಲ. ಯಾಕೆ ಬರೀಬಾರದು? ಅದಕ್ಕೂ ಒಂದು ಕಥಾವಸ್ತು ಇರುತ್ತದೆ, ಒಂದು ಶೈಲಿ ಇರುತ್ತದೆ, ಕೊನೆಗೆ ಗೋಡೆಯ ಮೇಲೆ ತೂಗುವ ಫಲಿತಾಂಶವೂ ಇರುತ್ತದೆ.

ಫೋಟೋ ವಾಕ್ ಅಂದರೆ ಗೊತ್ತಲ್ಲ, ರಜೆ ದಿನ ಬೆಳಗ್ಗೆ ಬೇಗ ಎದ್ದು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಇಪ್ಪತ್ತು ಮೂವತ್ತು ಜನ ಗುಂಪಾಗಿ ಒಂದು ಹಳೇ ಬಡಾವಣೆಯಲ್ಲಿ ನಡೆಯೋದು. ಅಮೆರಿಕದ ಸ್ಕಾಟ್ ಕೆಲ್ಬಿ ಎಂಬ ಫೋಟೋಗ್ರಾಫರ್ 2008ರಲ್ಲಿ ಜಗತ್ತಿನ ಹಲವಾರು ಊರುಗಳಲ್ಲಿ ಒಂದೇ ದಿನ ಇಂಥ ನಡಿಗೆ ಏರ್ಪಡಿಸಿದ. ಅಲ್ಲಿಂದ ಮುಂದೆ ಇದಕ್ಕೊಂದು ಹಬ್ಬದ ಕಳೆ ಬಂತು. ಈಗ ಕಾಶಿಯ ಘಾಟು, ಕೋಲ್ಕತ್ತದ ಕುಮಾರಟುಲಿ, ಬೆಂಗಳೂರಿನ ಪೇಟೆ ಎಲ್ಲ ಕಡೆಯೂ ವಾರಾಂತ್ಯದಲ್ಲಿ ಕ್ಯಾಮೆರಾದ ಗುಂಪುಗಳು ಸಿಗುತ್ತವೆ. ನಾನು ಸೇರಿಕೊಂಡದ್ದು ಕೊಚ್ಚಿಯ ಒಂದು ನಡಿಗೆಗೆ. ಆಗ ನನಗೆ ಅಲ್ಲೇ ಕೆಲಸ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳಿಂದ ಶುರುವಾಗಿ ಮಟ್ಟಾಂಚೇರಿಯ ಜ್ಯೂ ಟೌನಿನಲ್ಲಿ ಮುಗಿಯುವ, ನೀರಿನ ಅಂಚಿಗೇ ಅಂಟಿಕೊಂಡ ಮೂರು ಕಿಲೋಮೀಟರಿನ ಆಸುಪಾಸಿನ ದಾರಿ. ಎರಡು ವಾರ ಬಿಟ್ಟು ಒಂದು ಕೆಫೆಯಲ್ಲಿ ಆ ಚಿತ್ರಗಳ ಪ್ರದರ್ಶನವೂ ಆಯಿತು. ಈ ಬರಹ ಆ ಎರಡರ ಬಗ್ಗೆ.

ಮೊದಲು ಒಳ್ಳೇದನ್ನು ಹೇಳಿಬಿಡ್ತೇನೆ. ಒಬ್ಬೊಬ್ಬರೇ ಕ್ಯಾಮೆರಾ ಹಿಡಿದು ಗಲ್ಲಿಗೆ ನುಗ್ಗಲು ಹಿಂಜರಿಯುವವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಗುಂಪು ಒಂದು ಧೈರ್ಯ. ಹೊಸಬರಿಗೆ ಹಳಬರು ಬೆಳಕಿನ ಬಗ್ಗೆ ನಾಲ್ಕು ಮಾತು ಹೇಳಿಕೊಡ್ತಾರೆ, ದುಡ್ಡು ಕೇಳೋದಿಲ್ಲ. ಇಡೀ ವಾರ ಸ್ಕ್ರೀನ್ ನೋಡುವ ಜನ ಮೂರು ಗಂಟೆ ಒಂದು ಊರನ್ನು ನೋಡ್ತಾರೆ. ಇದು ಸಣ್ಣ ಸಂಗತಿ ಅಲ್ಲ. ನನ್ನ ತಕರಾರು ಇರೋದು ಬೇರೆ ಕಡೆ. ಅವರು ಯಾವ ಊರನ್ನು ನೋಡ್ತಾರೆ ಅನ್ನೋದರಲ್ಲಿ.

ಪ್ರದರ್ಶನದ ಗೋಡೆಯ ತುಂಬ ಬಾಗಿಲುಗಳಿದ್ದವು. ನೀಲಿ ಬಾಗಿಲು, ಹಸಿರು ಬಣ್ಣ ಸುಲಿದ ಬಾಗಿಲು, ತುಕ್ಕು ಹಿಡಿದ ಬೀಗದ ಬಾಗಿಲು, ಮುಂದೆ ಬೆಕ್ಕು ಮಲಗಿದ ಬಾಗಿಲು. ಎಲ್ಲವೂ ಮುಚ್ಚಿದ್ದವು. ಅವುಗಳಲ್ಲೊಂದರ ಕೆಳಗೆ ‘ಕಾಲ ನಿಂತ ಜಾಗ’ ಎಂದು ಬರೆದಿತ್ತು. ಬೇರೆ ಚಿತ್ರಗಳ ಶೀರ್ಷಿಕೆಗಳೂ ಇದರ ದಾಯಾದಿಗಳೇ: ಮೌನ, ನೆನಪು, ಗತಕಾಲ.

ಈ ಬಾಗಿಲುಗಳ ಪೈಕಿ ಹೆಚ್ಚಿನವು ಬಜಾರ್ ರೋಡಿನವು. ಬಜಾರ್ ರೋಡ್ ಅಂದರೆ ಮಟ್ಟಾಂಚೇರಿಯ ಸಗಟು ಪೇಟೆ. ಅಕ್ಕಿ, ಒಣಮೆಣಸು, ಶುಂಠಿ, ಕಾಳುಮೆಣಸಿನ ದಾಸ್ತಾನು ಮಳಿಗೆಗಳ ಸಾಲು. ಒಂದು ಬದಿ ರಸ್ತೆ, ಹಿಂಬದಿ ಹಿನ್ನೀರು. ಅಲ್ಲಿ ಮಂಗಳವಾರ ಹನ್ನೊಂದು ಗಂಟೆಗೆ ಹೋಗಿ ನೋಡಿ ಮಾರಾಯ್ರೆ, ಕಾಲ ನಿಲ್ಲೋದಿರಲಿ, ನಿಮಗೇ ನಿಲ್ಲಲಿಕ್ಕೆ ಜಾಗ ಸಿಗೋದಿಲ್ಲ. ಲಾರಿ ಹಿಂದಕ್ಕೆ ಬರುತ್ತಾ ಇರುತ್ತದೆ, ನೀಲಿ ಅಂಗಿಯ ಹಮಾಲಿಗಳು ಚೀಲ ಹೊತ್ತು ದಾರಿ ಬಿಡಿ ಅಂತ ಕೂಗುತ್ತಾ ಇರುತ್ತಾರೆ, ಮೆಣಸಿನ ಘಾಟಿಗೆ ಮೂರು ಸಲ ಸೀನುತ್ತೀರಿ. ನಾವು ಹೋದದ್ದು ಭಾನುವಾರ ಬೆಳಗ್ಗೆ. ಭಾನುವಾರ ಆ ಪೇಟೆಯ ಹೆಚ್ಚಿನ ಅಂಗಡಿಗಳಿಗೆ ರಜೆ. ನಿಂತದ್ದು ಕಾಲ ಅಲ್ಲ, ವ್ಯಾಪಾರ. ಅದೂ ಒಂದೇ ಒಂದು ದಿನದ ಮಟ್ಟಿಗೆ.

ಇದನ್ನು ತಮಾಷೆಗೆ ಹೇಳ್ತಾ ಇಲ್ಲ. ಫೋಟೋ ವಾಕಿನ ಸೌಂದರ್ಯಶಾಸ್ತ್ರ ಹುಟ್ಟೋದು ಅದರ ವೇಳಾಪಟ್ಟಿಯಿಂದ. ನಮಗೆ ರಜೆ ಇರುವ ದಿನ ಊರಿಗೂ ರಜೆ. ಬೆಳಕು ಮೆತ್ತಗಿರುವ ಹೊತ್ತಿನಲ್ಲಿ ಕೆಲಸ ಇನ್ನೂ ಶುರುವಾಗಿರೋದಿಲ್ಲ. ಹಾಗಾಗಿ ಕ್ಯಾಮೆರಾಗೆ ಸಿಗೋದು ಜನರಿಲ್ಲದ ಗೋಡೆ, ಮುಚ್ಚಿದ ಬಾಗಿಲು, ಜಗಲಿಯಲ್ಲಿ ಪೇಪರ್ ಓದುವ ಒಬ್ಬ ಮುದುಕ. ಅದನ್ನೇ ಈ ಊರಿನ ಸ್ವಭಾವ ಅಂದುಕೊಂಡು ಬಿಡುತ್ತೇವೆ.

ಮುಚ್ಚಿದ ಬಾಗಿಲುಗಳೆಲ್ಲ ಒಂದೇ ಜಾತಿಯವೂ ಅಲ್ಲ. ನಾವು ನಡೆದ ದಾರಿಯಲ್ಲೇ ಮೂರು ಬಗೆಯವು ಇದ್ದವು. ಒಂದು, ಈಗ ಹೇಳಿದ್ದು, ಸೋಮವಾರ ತೆರೆಯುವ ಬಾಗಿಲು. ಎರಡನೆಯದು ಜ್ಯೂ ಟೌನಿನದ್ದು. ಅಲ್ಲಿನ ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಉಳಿದವರು ಬೆರಳೆಣಿಕೆ. ಆ ಮನೆಗಳ ಬಾಗಿಲು ಈಗ ತೆರೆದರೂ ಒಳಗಿರೋದು ಕರಕುಶಲ ವಸ್ತುಗಳ ಅಂಗಡಿ. ಮೂರನೆಯದು ನೀರಿನ ಕಡೆಗೆ ಮುಖಮಾಡಿದ ದೊಡ್ಡ ಗೋಡೌನುಗಳ ಬಾಗಿಲು. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳುದಿಬ್ಬ ಕಡಿಸಿ, ಹೂಳೆತ್ತಿಸಿ, ಆ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪ ಎಬ್ಬಿಸಿದ. ದೊಡ್ಡ ಹಡಗುಗಳು ಆ ಕಡೆ ಹೋದವು. 2011ರಲ್ಲಿ ವಲ್ಲಾರ್ಪಾಡಂನಲ್ಲಿ ಕಂಟೇನರ್ ಟರ್ಮಿನಲ್ ಆದ ಮೇಲೆ ಸರಕಿನ ದಾರಿ ಇನ್ನಷ್ಟು ದೂರ ಸರಿಯಿತು. ಹಳೇ ಗೋಡೌನುಗಳಲ್ಲಿ ಕೆಲವು ಗ್ಯಾಲರಿ ಆದವು, ಕೆಲವು ಕೆಫೆ ಆದವು, ಕೆಲವು ಸುಮ್ಮನೆ ನಿಂತವು. 

ರಜೆಗೆ ಮುಚ್ಚಿದ ಬಾಗಿಲು, ಮನೆಯವರು ದೇಶ ಬಿಟ್ಟ ಬಾಗಿಲು, ಕಸುಬು ಎದ್ದು ಹೋದ ಬಾಗಿಲು. ಮೂರರ ದುಃಖವೂ ಬೇರೆ ಬೇರೆ. ಮೊದಲನೆಯದಕ್ಕಂತೂ ದುಃಖವೇ ಇಲ್ಲ. ಪ್ರದರ್ಶನದಲ್ಲಿ ಮಾತ್ರ ಮೂರೂ ಒಂದೇ ಕಂದುಬಣ್ಣದ ನಿಟ್ಟುಸಿರು ಬಿಡುತ್ತಿದ್ದವು. ಫೋಟೋ ಸುಳ್ಳು ಹೇಳಿತು ಅಂತ ನಾನು ಹೇಳ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ ಅಷ್ಟೇ.

ಇನ್ನು ಮನುಷ್ಯರ ವಿಷಯ. ಸಮುದ್ರದ ದಂಡೆಯ ಚೀನೀ ಬಲೆಗಳು ಕೊಚ್ಚಿಯ ಪೋಸ್ಟ್‌ಕಾರ್ಡ್ ಚಿತ್ರ. ಚೀನಾದ ವ್ಯಾಪಾರಿಗಳು ತಂದರು ಎನ್ನುವವರಿದ್ದಾರೆ, ಪೋರ್ಚುಗೀಸರು ಮಕಾವಿನಿಂದ ತಂದರು ಎನ್ನುವವರೂ ಇದ್ದಾರೆ. ಒಂದು ತಕ್ಕಡಿಯ ಲೆಕ್ಕ ಅದು. ಈಚೆ ಬದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗುಂಡುಗಳು, ಆಚೆ ಬದಿಗೆ ಬಲೆ. ಒಬ್ಬ ದೊಡ್ಡ ತೊಲೆಯ ಮೇಲೆ ನಡೆದು ಹೋದರೆ ಅವನ ಭಾರಕ್ಕೆ ಬಲೆ ನೀರಿಗಿಳಿಯುತ್ತದೆ. ಆಮೇಲೆ ನಾಲ್ಕೈದು ಜನ ಹಗ್ಗ ಜಗ್ಗಿ ಎತ್ತಬೇಕು. ನಾವು ನೋಡುವಾಗ ಬಲೆಯಲ್ಲಿ ಬಂದದ್ದು ಒಂದು ಬೊಗಸೆ ಮೀನು. ಹಗ್ಗ ಎಳೆಯಲು ನಮ್ಮನ್ನೂ ಕರೆದರು, ಆಮೇಲೆ ಸ್ವಲ್ಪ ದುಡ್ಡು ಕೇಳಿದರು. ಗುಂಪಿನಲ್ಲೊಬ್ಬರಿಗೆ ಅದು ಸರಿಬರಲಿಲ್ಲ. ‘ಎಲ್ಲಾ ಕಮರ್ಷಿಯಲ್ ಆಗ್ಬಿಟ್ಟಿದೆ’ ಅಂದರು. ಅವರ ಕೈಯಲ್ಲಿದ್ದ ಲೆನ್ಸಿನ ಬೆಲೆ ನನ್ನ ಎರಡು ತಿಂಗಳ ಸಂಬಳ. ಮೀನು ಕೊಂಡರೆ ವ್ಯಾಪಾರ, ಮೀನು ಹಿಡಿಯುವ ನೋಟ ಕೊಂಡರೆ ಮಾತ್ರ ಅಪಚಾರವೋ? ಆ ಬೆಳಗಿನಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ವ್ಯವಹಾರ ಅದೊಂದೇ ಅಂತ ನನಗನ್ನಿಸಿತು. ಅಲ್ಲಿ ಇಬ್ಬರಿಗೂ ಏನು ಕೊಟ್ಟೆವು, ಏನು ಪಡೆದೆವು ಅಂತ ಗೊತ್ತಿತ್ತು.

ಅಲ್ಲಿಂದ ದಾರಿ ಬಿಟ್ಟು ಒಳಗೆ, ವೆಳಿಯ ಧೋಬಿ ಖಾನಾಕ್ಕೆ ಹೋದೆವು. ಡಚ್ಚರ ಕಾಲದಲ್ಲಿ ಸೈನಿಕರ ಬಟ್ಟೆ ಒಗೆಯಲು ಬಂದವರು ಎಂದು ಹೇಳುವ ತಮಿಳು ವಣ್ಣಾನ್ ಸಮುದಾಯದವರು ಇವತ್ತಿಗೂ ಅಲ್ಲಿ ಒಗೆಯುತ್ತಾರೆ, ಗಂಜಿ ಹಾಕುತ್ತಾರೆ, ಇಸ್ತ್ರಿ ಮಾಡುತ್ತಾರೆ. ಇಪ್ಪತ್ತು ಕ್ಯಾಮೆರಾಗಳು ಒಬ್ಬ ವೃದ್ಧರ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಂತವು. ಅವರು ತಲೆಯೆತ್ತದೆ ಇಸ್ತ್ರಿ ಉಜ್ಜುತ್ತಲೇ ಇದ್ದರು. ಗುಂಪು ಮುಂದೆ ಹೋದ ಮೇಲೆ ನಾನು ಹರಕುಮುರುಕು ಮಲಯಾಳದಲ್ಲಿ ಮಾತಾಡಿಸಿದೆ. ‘ತುಂಬಾ ಜನ ತೆಗೀತಾರೆ. ಒಂದು ಪಟವೂ ನನ್ನ ಕೈಗೆ ಬಂದಿಲ್ಲ’ ಅಂದರು. ದೂರಿನ ದನಿ ಏನೂ ಇರಲಿಲ್ಲ. ಬಟ್ಟೆಯ ಲೆಕ್ಕ ಹೇಳಿದ ಹಾಗೆ ಹೇಳಿದರು.

ಪ್ರದರ್ಶನದಲ್ಲಿ ಅವರ ಮುಖ ಇತ್ತು, ದೊಡ್ಡದಾಗಿ, ಕಪ್ಪುಬಿಳುಪಿನಲ್ಲಿ. ಕೆಳಗಿನ ಚೀಟಿಯಲ್ಲಿ ‘ಶ್ರಮದ ಸೌಂದರ್ಯ’ ಎಂಬ ಶೀರ್ಷಿಕೆ, ಫೋಟೋ ತೆಗೆದವರ ಹೆಸರು, ಕ್ಯಾಮೆರಾದ ಹೆಸರು, ಲೆನ್ಸ್, ಅಪರ್ಚರ್, ಶಟರ್ ಸ್ಪೀಡ್. ಮುಖದ ಒಡೆಯರ ಹೆಸರಿಲ್ಲ. ಅವರ ಮನೆಗೂ ಆ ಕೆಫೆಗೂ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಆಮಂತ್ರಣ ಹೋಗಿರಲಿಲ್ಲ. ಯಂತ್ರದ ಕುಲಗೋತ್ರ ಇಷ್ಟು ವಿವರವಾಗಿ ಬರೆದು ಮನುಷ್ಯನನ್ನು ಅನಾಮಿಕನಾಗಿ ಬಿಡುವ ಈ ಪದ್ಧತಿಯ ಬಗ್ಗೆ ಫೋಟೋ ಬಳಗಗಳು ಒಮ್ಮೆ ಕೂತು ಯೋಚಿಸಬೇಕು.

ಕಪ್ಪುಬಿಳುಪು ಅಂದಾಗ ರಾಜೀವ್ ರವಿಯ ‘ತುರಮುಖಂ’ ನೆನಪಾಗುತ್ತದೆ. 2023ರಲ್ಲಿ ಬಂದ ಈ ಮಲಯಾಳಂ ಸಿನಿಮಾದ ಕಥೆ ಇದೇ ಮಟ್ಟಾಂಚೇರಿಯದ್ದು. ಇಲ್ಲಿನ ಬಂದರಿನಲ್ಲಿ ಹಿಂದೆ ‘ಚಪ್ಪ’ ಎಂಬ ಪದ್ಧತಿ ಇತ್ತು. ಬೆಳಗ್ಗೆ ಕೆಲಸಕ್ಕೆಂದು ನೆರೆದ ಕೂಲಿಗಳ ಗುಂಪಿನ ಮೇಲೆ ಮೇಸ್ತ್ರಿ ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದ. ಬಡಿದಾಡಿ ಬಿಲ್ಲೆ ಹಿಡಿದವನಿಗೆ ಅವತ್ತು ಕೂಲಿ, ಹಿಡಿಯದವನ ಮನೆಯಲ್ಲಿ ಒಲೆ ಇಲ್ಲ. ಅದರ ವಿರುದ್ಧ ಎದ್ದ ಮುಷ್ಕರದ ಮೇಲೆ 1953ರ ಸೆಪ್ಟೆಂಬರ್ 15ರಂದು ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಸಿನಿಮಾ ಚಪ್ಪಕ್ಕಾಗಿ ನಡೆಯುವ ಆ ಬಡಿದಾಟವನ್ನು ಕಪ್ಪುಬಿಳುಪಿನಲ್ಲೇ ತೋರಿಸುತ್ತದೆ. ಅಲ್ಲಿ ಬಣ್ಣ ಇಲ್ಲದಿರೋದು ಹಳೇ ಕಾಲದ ಸೊಗಸಿಗಲ್ಲ. ಅದರಲ್ಲಿ ಧೂಳು, ಬೆವರು, ಮೊಣಕೈ ಇದೆ. ಸಿನಿಮಾ ಉದ್ದ ಆಯ್ತು, ಅಲ್ಲಲ್ಲಿ ಎಳೆಯಿತು ಅನ್ನೋದು ಬೇರೆ ಮಾತು. ನಾನು ನಡೆದ ದಾರಿಯಲ್ಲಿ ಈ ಚಪ್ಪದ ಹೆಸರನ್ನು ಯಾರೂ ಎತ್ತಲಿಲ್ಲ. ಮಾರ್ಗದರ್ಶಕರು ಹೇಳಿದ್ದು ವಾಸ್ಕೋ ಡ ಗಾಮ, ಡಚ್ಚರು, ಮಸಾಲೆಯ ಪರಿಮಳ. ಆ ಮಸಾಲೆಯ ಚೀಲ ಹೊತ್ತವರು ಯಾರು ಅಂತ ಕೇಳಿದ್ದರೆ ಬಜಾರ್ ರೋಡಿನ ನೀಲಿ ಅಂಗಿಯವರ ಫೋಟೋ ಒಂದಾದರೂ ಗೋಡೆಗೆ ಬರುತ್ತಿತ್ತು. ಅವರಿಗಾಗಿ 1978ರಲ್ಲಿ ಕೇರಳ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು ಅನ್ನೋದೂ ಈ ದಂಡೆಯ ಚರಿತ್ರೆಯೇ.

ಹಾಗಾದರೆ ಬಂದರಿನ ಊರನ್ನು ಕ್ಯಾಮೆರಾದಲ್ಲಿ ಹಿಡಿಯೋದು ಹೇಗೆ? ಉದಾಹರಣೆ ದೂರ ಇಲ್ಲ. ಕೆ.ಆರ್. ಸುನಿಲ್ ಎಂಬ ಫೋಟೋಗ್ರಾಫರ್ ಪೊನ್ನಾನಿ ಎಂಬ ಹಳೇ ಬಂದರಿಗೆ ಮತ್ತೆ ಮತ್ತೆ ಹೋಗಿ ತೆಗೆದ ಚಿತ್ರಗಳು 2016ರ ಕೊಚ್ಚಿ ಬಿನಾಲೆಯಲ್ಲಿ ಇದ್ದವು. ಹಾಯಿಹಡಗಿನಲ್ಲಿ ದುಡಿದ ಮಲಬಾರಿನ ಹಳೇ ನಾವಿಕರ ಬಗ್ಗೆಯೂ ಅವರು ಒಂದು ಸರಣಿ ಮಾಡಿದ್ದಾರೆ. ಆ ಹಡಗಿಗೆ ಅಲ್ಲಿ ಮಂಜು ಅಂತಾರೆ, ನಮ್ಮ ಮಂಗಳೂರು ಬಂದರಿನಲ್ಲಿ ಮಂಜಿ. ಆ ಚಿತ್ರಗಳಲ್ಲೂ ಸುಲಿದ ಗೋಡೆ ಇದೆ, ಸುಕ್ಕುಗಟ್ಟಿದ ಮುಖ ಇದೆ. ಆದರೆ ಗೋಡೆಯ ಮುಂದೆ ನಿಂತವರು ಕ್ಯಾಮೆರಾವನ್ನು ನೇರ ನೋಡುತ್ತಾರೆ. ಎದುರಿಗಿರೋದು ಯಾರು ಅಂತ ಅವರಿಗೆ ಗೊತ್ತು. ಗೋಡೆ ಒಂದೇ ಆದರೂ ಚಿತ್ರ ಬೇರೆಯಾಗೋದು ಇಲ್ಲಿ.

ಅಷ್ಟು ವರ್ಷ ಕೊಡಲು ಎಲ್ಲರಿಗೂ ಆಗೋದಿಲ್ಲ, ಒಪ್ಪಿದೆ. ಒಂದು ಬೆಳಗಿನಲ್ಲೂ ಏನಾಗಬಹುದು ಅನ್ನೋದಕ್ಕೆ ನಮ್ಮ ಪ್ರದರ್ಶನದಲ್ಲೇ ಒಂದು ಸಾಕ್ಷಿ ಇತ್ತು. ಮೂಲೆಯಲ್ಲಿ ತೂಗುಹಾಕಿದ್ದ ಸಣ್ಣ ಚಿತ್ರ, ಮೊದಲ ಸಲ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಮೊಬೈಲಿನಲ್ಲಿ ತೆಗೆದದ್ದು. ಧೋಬಿ ಖಾನಾದ ಒಣಹಾಕುವ ಹಗ್ಗ ಮತ್ತು ಒಂದು ಅಂಗಿಯ ಅಂಚು, ಅಷ್ಟೇ. ಅಲ್ಲಿ ಬಟ್ಟೆಗೆ ಕ್ಲಿಪ್ ಹಾಕೋದಿಲ್ಲ. ಎರಡು ಎಳೆ ಹುರಿದ ಹಗ್ಗದ ನಡುವೆ ಬೆರಳಿನಿಂದ ಬಿಡಿಸಿ, ಬಟ್ಟೆಯ ತುದಿ ಸಿಕ್ಕಿಸಿದರೆ ಹಗ್ಗವೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಷ್ಟು ಗಾಳಿ ಬಂದರೂ ಬೀಳೋದಿಲ್ಲ. ಉಳಿದವರು ಆ ಬಟ್ಟೆಗಳ ಬಣ್ಣದ ಸಾಲನ್ನು ದೂರದಿಂದ ತೆಗೆದಿದ್ದರು. ಈ ಹುಡುಗಿ ‘ಇದು ನಿಲ್ಲೋದು ಹೇಗೆ?’ ಅಂತ ಒಗೆಯುವವರನ್ನೇ ಕೇಳಿದ್ದಳು. ಉತ್ತರದ ಫೋಟೋ ತೆಗೆದಿದ್ದಳು. ಇಡೀ ಗೋಡೆಯಲ್ಲಿ ನನಗೆ ಹೊಸತೇನನ್ನಾದರೂ ಕಲಿಸಿದ ಚಿತ್ರ ಅದೊಂದೇ.

ಫೋಟೋ ವಾಕ್ ನಿಲ್ಲಿಸಬೇಕು ಅಂತ ನನ್ನ ವಾದ ಅಲ್ಲ. ಇಪ್ಪತ್ತು ಕ್ಯಾಮೆರಾ ಇದೆ ಅಂದರೆ ಇಪ್ಪತ್ತು ಪ್ರಶ್ನೆಗೆ ಅವಕಾಶ ಇದೆ ಅಂತಾಯಿತಲ್ಲ? ಎಲ್ಲರೂ ಒಂದೇ ಬಾಗಿಲಿನ ಮುಂದೆ ಸಾಲು ನಿಲ್ಲುವ ಬದಲು ಬೀದಿಯನ್ನು ಹಂಚಿಕೊಳ್ಳಲಿ. ಒಬ್ಬರು ಹಗ್ಗ, ಒಬ್ಬರು ತಕ್ಕಡಿ, ಒಬ್ಬರು ಚೀಲ. ಪ್ರದರ್ಶನದ ಚೀಟಿಯಲ್ಲಿ ಶಟರ್ ಸ್ಪೀಡಿನ ಜಾಗದಲ್ಲಿ ಮನುಷ್ಯರ ಹೆಸರು ಬರಲಿ, ಅವರು ಬೇಡ ಅಂದರೆ ಚಿತ್ರವೇ ಬೇಡ. ಒಂದೊಂದು ಪ್ರಿಂಟ್ ಅವರವರ ಮನೆಗೆ ತಲುಪಲಿ, ಅದಕ್ಕೆ ಕೆಫೆಯ ಒಂದು ಕಾಪಿಯಷ್ಟೂ ಖರ್ಚಾಗೋದಿಲ್ಲ. ಮತ್ತೆ ಮುಖ್ಯವಾಗಿ, ಮುಂದಿನ ನಡಿಗೆಯನ್ನು ಯಾವುದಾದರೂ ಮಂಗಳವಾರ ಇಟ್ಟುಕೊಳ್ಳಿ, ಹನ್ನೊಂದು ಗಂಟೆಗೆ. ಬೆಳಕು ಕೆಟ್ಟದಾಗಿರುತ್ತದೆ, ಆಫೀಸಿಗೆ ರಜೆ ಹಾಕಬೇಕಾಗುತ್ತದೆ, ನಿಜ. ಊರಿನ ರಜೆಯ ಫೋಟೋ ಸಾಕಷ್ಟು ಆಗಿದೆ. ಈಗ ನಮ್ಮದೊಂದು ರಜೆ ಖರ್ಚಾದರೆ ತಪ್ಪಿಲ್ಲ.