ಕಾಲುಂಗುರದ ಉಲ್ಲಂಕಿ

ಥಾಣೆ ಖಾಡಿಯ ರಾಜಹಂಸಗಳಿಗೆ ಮುಂಬೈಯೇ ಮುಗಿಬೀಳುತ್ತದೆ. ಅವುಗಳ ಹೆಸರಲ್ಲೇ ಈ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಒಪ್ಪಿದೆ. ಆದರೆ ಅವುಗಳ ದೊಡ್ಡ ಹಿಂಡು ಬರುವುದು ಚಳಿಗಾಲಕ್ಕೆ. ಗಣೇಶ ವಿಸರ್ಜನೆಯ ಢೋಲಿನ ಸದ್ದು ಅಡಗುವ ಮೊದಲೇ ಭಾಂಡೂಪ್ ಪಂಪಿಂಗ್ ಸ್ಟೇಷನ್ ಬಳಿಯ ಕೆಸರಿಗೆ ಬಂದಿಳಿಯುವ ಡೊಂಕುಕೊಕ್ಕಿನ ಉಲ್ಲಂಕಿಗಳೆಂಬ ಪುಟ್ಟ ವಲಸೆ ಹಕ್ಕಿಗಳ ಮೇಲೆ ನನಗೆ ಹೆಚ್ಚು ಮೋಹ.

ದೂರದಿಂದ ನೋಡಿದರೆ ಕೆಸರೇ ಎದ್ದು ನಡೆದಾಡಿದಂತಿರುತ್ತದೆ. ಇವುಗಳ ಚೆಂದ ಕಾಣಬೇಕಾದರೆ, ವಲಸೆಯ ದಾರಿ ತಿಳಿಯಲೆಂದು ಕಾಲಿಗೆ ಉಂಗುರ ತೊಡಿಸುವವರ ಕೈಯಲ್ಲೇ ನೋಡಬೇಕು. ರಾತ್ರಿ ಕಟ್ಟಿದ ತೆಳು ಕಪ್ಪು ಬಲೆಯ ಮಡಿಕೆಗೆ ಬಿದ್ದ ಹಕ್ಕಿಯನ್ನು ಎಳೆಎಳೆಯಾಗಿ ಬಿಡಿಸಿ, ಬಟ್ಟೆಚೀಲದಲ್ಲಿ ಹಾಕಿ ತೂಗುತ್ತಾರೆ. ಅರವತ್ತು ಗ್ರಾಂ ಆಸುಪಾಸು, ಅಷ್ಟೇ! ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಕತ್ತು, ಅಂಗೈಗೆ ಒರಗಿದ ಬೆನ್ನು. ಎದೆಯ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆಂಪು ಗರಿ ಉಳಿದಿದ್ದರೆ ಅದು ಸೈಬೀರಿಯಾದ ಬೇಸಿಗೆಯ ಶೃಂಗಾರದ ಪಳೆಯುಳಿಕೆ. ಬೆನ್ನಿನ ಪ್ರತಿ ಗರಿಗೂ ಕೆನೆಬಣ್ಣದ ನವಿರು ಅಂಚಿದ್ದರೆ ಈ ವರ್ಷದ ಮರಿ. ದೊಡ್ಡವು ಮೊದಲೇ ಹೊರಟುಬಿಡುತ್ತವೆ. ಕಂಡರಿಯದ ದಾರಿಯಲ್ಲಿ ಮರಿಗಳು ಹಿಂದಿನಿಂದ ತಾವೇ ಬರುತ್ತವೆ. ಓದಿ ತಿಳಿದ ಸಂಗತಿಯೇ, ಆದರೂ ಆ ಕಪ್ಪು ಕಣ್ಣು ಮಿಟುಕುವುದನ್ನು ಗೇಣುದೂರದಿಂದ ಕಂಡಾಗ ನಂಬಿಕೆ ಬರುವುದಿಲ್ಲ.

ಆಮೇಲೆ ಇಕ್ಕಳ ಹಿಡಿದು ಕಾಲಿಗೆ ಉಂಗುರ. ಅದರಲ್ಲೊಂದು ಸಂಖ್ಯೆ, ಜೊತೆಗೆ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹೆಸರು, ಹಕ್ಕಿ ಸಿಕ್ಕವರು ತಿಳಿಸಲೆಂದು.

ಈ ಉಂಗುರಕ್ಕೂ ನಮ್ಮ ಮಲೆನಾಡಿಗೂ ನಂಟುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಜ್ವರದಿಂದ ಮಲಗಿದರು. ಈ ಮಂಗನ ಕಾಯಿಲೆಯ ವೈರಾಣು ರಷ್ಯಾದ ಮಿದುಳು ಜ್ವರದ ವೈರಾಣುವಿಗೆ ದಾಯಾದಿ ಎಂದು ಗೊತ್ತಾದಾಗ, ಅದನ್ನು ಹೊತ್ತ ಉಣುಗು ವಲಸೆ ಹಕ್ಕಿಯ ಮೈಯೇರಿ ಬಂದಿರಬಹುದೇ ಎಂಬ ಗುಮಾನಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ನೆರವಿಗೆ ಬಂತು. 1959ರಿಂದ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ ದೇಶದ ಹಲವೆಡೆ ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಉಂಗುರ ತೊಟ್ಟವು. ಗುಮಾನಿಗೆ ಪುರಾವೆ ಸಿಗಲಿಲ್ಲ; ಹಕ್ಕಿಗಳ ದಾರಿ ಮಾತ್ರ ಒಂದೊಂದಾಗಿ ಬಿಚ್ಚಿಕೊಂಡಿತು. ಕಾಯಿಲೆಯಿಂದ ಇಂಥ ಲಾಭವೂ ಆಗಬಹುದು ನೋಡಿ.

ಖಾಡಿಗೆ ಹೋಗುವವರು ಗಡಿಯಾರ ನಂಬಬೇಡಿ, ಉಬ್ಬರದ ವೇಳಾಪಟ್ಟಿ ನೋಡಿ ಹೊರಡಿ. ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿಗೆ ಚದುರಿ ಚುಕ್ಕಿಗಳಾಗುತ್ತವೆ. ನೀರು ಏರಿದಂತೆ ಅವೇ ದಡದತ್ತ ಸರಿದು ಬರುತ್ತವೆ, ನಾವು ಹುಡುಕಿಕೊಂಡು ಹೋಗಬೇಕಿಲ್ಲ.